ಗಿರಣಿಯ ಹೊಟ್ಟೆಯಲ್ಲಿ ಉಳಿದ ಅಕ್ಷರ

ಅದು 2005ನೇ ಇಸವಿ. ಸೋಮವಾರ ಹನ್ನೊಂದಕ್ಕೆ ಹುಮನಾಬಾದಿನ ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸಬೇಕಿತ್ತು. ಭಾನುವಾರ ದೀಪಾಲಿ ಬಸವಕಲ್ಯಾಣದ ಗಿರಣಿಯಲ್ಲಿ ಜೋಳದ ಡಬ್ಬಿ ಹಿಡಿದು ನಿಂತಿದ್ದಳು. ಮನಸ್ಸು ಮಾತ್ರ ಲ್ಯಾಬಿನಲ್ಲಿತ್ತು.

ರೇಡಿಯೊದ ಕೆಲಸವನ್ನೆಲ್ಲ ಕಂಪ್ಯೂಟರ್ ಪ್ರೋಗ್ರಾಮಿನಿಂದಲೇ ಮಾಡಿಸುವ ಹಟ ಅವಳದು. ‘ಕಲ್ಯಾಣ’ ಎಂದು ಇಂಗ್ಲಿಷಿನ ಆರಕ್ಷರ ಕೊಟ್ಟರೆ ಒಂದೊಂದು ಅಕ್ಷರವೂ ನಲವತ್ತು ಅಂಕಿಗಳ ಸಾಲಾಗಿ, ಒಂದು ಫಿಲ್ಟರು ಅದನ್ನು ನಯಮಾಡಿ ಅಲೆಯ ಮೇಲೆ ಹೊರಿಸುತ್ತಿತ್ತು. ಆಚೆ ಬದಿಯ ಇನ್ನೊಂದು ಫಿಲ್ಟರು ಸೋಸಿ, ಅದೇ ಆರಕ್ಷರ ಮರಳಿ ಕೊಡಬೇಕು. ಆದರೆ ಪರದೆಯ ಮೇಲೆ ಮೂಡುತ್ತಿದ್ದದ್ದು ತಲೆಬುಡವಿಲ್ಲದ ಗುರುತುಗಳು. “ಸೋಮಾರಕ್ಕೂ ಬರ್ಲಿಲ್ಲಂದ್ರ ಅಂಗಡ್ಯಾಗಿನ ರೆಡಿಮೇಡ್ ಕಿಟ್ ಇಡ್ರಿ,” ಎಂದಿದ್ದರು ಏಕನಾಥ ಸರ್. ನಾಲ್ಕು ತಿಂಗಳ ಕೆಲಸ! ಸರ್ ಎದುರು ಬಾಯಿ ಬಿಡದ ದೀಪಾಲಿ, ಡೈರಿಯಲ್ಲಿ ಮೂರು ಪುಟ ಜಗಳವಾಡಿದ್ದಳು.

ಸರದಿ ಬಂತು. ಗಿರಣಿಯ ಕುಲ್ಸುಮ್ ಬೀ ಜೋಳ ಸುರಿದಳು. ದೀಪಾಲಿ ಹಿಟ್ಟು ಬೀಳುವ ಬಟ್ಟೆಯ ತೋಳಿಗೆ ಕೂಡಲೇ ಡಬ್ಬಿ ಒಡ್ಡಿದಳು.

“ಅಯ್ಯ ಬೇಟಿ, ಯಾವ ಲೋಕದಾಗ ಇದ್ದಿ? ಈಗ ಬರಾಕತ್ತಿದ್ದು ನಿನ್ನ ಮುಂದಿದ್ದ ಯಶೋದಾಬಾಯಿ ಗೋಧಿ ಹಿಟ್ಟು. ನಿನ್ನ ಜೋಳ ಇನ್ನಾ ಕಲ್ಲಾಗ ಅದ. ತಡಿ, ಸಬರ್ ಮಾಡು.”

“ಎಷ್ಟೊತ್ತು, ಖಾಲಾ?”

“ಗಿರಣಿ ಹೊಟ್ಟಿ ಎಷ್ಟದೋ ಅಷ್ಟು. ನೀ ಸೇರು ಹಾಕು, ಚೀಲ ಹಾಕು, ಅದೇನು ಬದಲಾಗಂಗಿಲ್ಲ.”

ದೀಪಾಲಿ ಬಟ್ಟೆಯ ತೋಳನ್ನೇ ನೋಡಿದಳು. ಹೊಟ್ಟೆ! ಫಿಲ್ಟರಿಗೂ ಹೊಟ್ಟೆಯಿದೆ, ನಲವತ್ತೊಂದು ಅಂಕಿಗಳಷ್ಟು ಉದ್ದದ್ದು. ಒಳಹೋದದ್ದು ಅದರ ನಟ್ಟನಡುವೆ ಬಂದಾಗಲೇ ಹೊರಗೆ ಸರಿಯಾಗಿ ಕಾಣುತ್ತದೆ. ಅಂದರೆ ಇಪ್ಪತ್ತು ಹೆಜ್ಜೆ ತಡ. ಎರಡು ಫಿಲ್ಟರಿಗೆ ನಲವತ್ತು. ನಾನೋ ಮೊದಲ ಹೆಜ್ಜೆಗೇ ಡಬ್ಬಿ ಒಡ್ಡಿ ಕೂತಿದ್ದೆ!

“ನಲವತ್ತು, ಖಾಲಾ! ನಲವತ್ತು!” ಎನ್ನುತ್ತ, ಅಷ್ಟೊತ್ತಿಗೆ ಡಬ್ಬಿಗೆ ಬಿದ್ದ ಜೋಳದ ಹಿಟ್ಟನ್ನಷ್ಟೇ ಎತ್ತಿಕೊಂಡು ಓಡಿದಳು.

“ಏ ಹುಚ್ಚಿ, ನಿಂದ್ರು! ನಿನ್ನ ಕಡೀ ಹಿಟ್ಟು ಒಳಗೇ ಅದ! ನಿನ್ನ ಹಿಂದ ನಿಂತ ಕರೀಮಾನ ಕಾಳು ಹಾಕಿದ್ರಷ್ಟೇ ಹೊರಗ ಬರ್ತದ!”

ಕಿವಿಗೆ ಬಿದ್ದರೂ ನಿಲ್ಲುವವರು ಯಾರು?

ಮರುದಿನ ಲ್ಯಾಬಿನಲ್ಲಿ ಅವಳು ಮೊದಲ ನಲವತ್ತನ್ನು ಬಿಟ್ಟು ಓದುವಂತೆ ಪ್ರೋಗ್ರಾಮು ತಿದ್ದಿದಳು. ಕೆ, ಎ, ಎಲ್, ವೈ, ಎ... ಜೊತೆಗಾರ್ತಿ ಪೂನಂ ಕುಣಿದೇಬಿಟ್ಟಳು. ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡುವುದು ನಿಂತಿತು.

“ಏ ದೀಪಾ, ‘ಎನ್’ ಎಲ್ಲಿ ಹೋತು?”

ಬಾಗಿಲಲ್ಲಿದ್ದ ಏಕನಾಥ ಸರ್ ಗಡಿಯಾರ ನೋಡಿದರು. “ಆತು, ಪೂನಂ, ಆ ಕಿಟ್ ತರ್ರಿ.”

“ತರಿಸಬ್ಯಾಡ್ರಿ, ಸರ್!” ದೀಪಾಲಿಯ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೊರಟದ್ದು ಅದೇ ಮೊದಲು. “ಅದು ಕಳದಿಲ್ರಿ. ಗಿರಣ್ಯಾಗ ಅದ!”

ಕೊನೆಯ ಅಕ್ಷರದ ಬೆನ್ನಿಗೆ ನಲವತ್ತು ಸೊನ್ನೆ ಸೇರಿಸಿ ಗುಂಡಿ ಒತ್ತಿದಳು. ಹಿಂದಿನಿಂದ ಸೊನ್ನೆಗಳು ನೂಕಿದವು; ಒಳಗೆ ಸಿಕ್ಕಿಕೊಂಡಿದ್ದ ‘ಎನ್’ ಟಣ್ಣನೆ ಪರದೆಗೆ ಬಂತು.

“ಯಾವ ಗಿರಣಿ, ಯವ್ವಾ?” ಸರ್ ಕುರ್ಚಿ ಎಳೆದುಕೊಂಡು ಕೂತರು.

ದೀಪಾಲಿ ಚಾಕ್‌ಪೀಸ್ ತೆಗೆದುಕೊಂಡು, ಬೋರ್ಡಿನ ಮೇಲೆ ಮೊದಲು ಹಿಟ್ಟು ಬೀಳುವ ಬಟ್ಟೆಯ ತೋಳಿನ ಚಿತ್ರ ಬರೆದಳು.