ತಂತಿಯ ಬೆನ್ನು ಹತ್ತಿ

ಎರ್ರೆಮ್ಮನ ನೌಕರಿ ಕಾಯಂ ಆಗಿತ್ತು. ಹೊಸಹಳ್ಳಿ ಆಸ್ಪತ್ರೆಯಲ್ಲಿ ಮೂರು ವರ್ಷ ಹಂಗಾಮಿ ನರ್ಸಾಗಿ ದುಡಿದವಳಿಗೆ ಅವತ್ತು ಬೆಳಿಗ್ಗೆ ಕೂಡ್ಲಿಗಿಯಲ್ಲಿ ಆರ್ಡರು ಕೈಗೆ ಬಂತು. ಈ ಸುದ್ದಿ ಮೊದಲು ಕೇಳಬೇಕಾದವಳು ದೂರದ ಹೊಳಲಿನಲ್ಲಿದ್ದಳು, ಕೂಲಿ ಮಾಡಿ ಮಗಳನ್ನು ಓದಿಸಿದ ಅವ್ವ ಗಿಡ್ಡಮ್ಮ. ಕಾಗದ ಹಾಕಿದರೆ ನಾಲ್ಕು ದಿನ. ಅಷ್ಟು ತಡೆಯುವ ಜೀವವೇ ಅದು? ನೆಟ್ಟಗೆ ಅಂಚೆ ಕಚೇರಿಗೆ ಹೋಗಿ ತಂತಿ ಕೊಟ್ಟೇಬಿಟ್ಟಳು: ‘ನೌಕರಿ ಕಾಯಂ. ಎರ್ರೆಮ್ಮ.’

ಹೊರಗೆ ಬಂದು ಚಹಾ ಕುಡಿಯುವಾಗ ನೆನಪಾಯಿತು. ಹೊಳಲಿನಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿಯೇ. ಮೊದಲು ಅಳುತ್ತಾರೆ, ಆಮೇಲೆ ಓದಿಸುತ್ತಾರೆ. ಹೋದ ವರ್ಷ ಪಕ್ಕದ ಓಣಿಯ ಕಲ್ಯಾಣಮ್ಮ, ಮೊಮ್ಮಗ ಹುಟ್ಟಿದ ತಂತಿಗೇ ಮೂರ್ಛೆ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವ್ವನಿಗೋ ಮೊದಲೇ ಬಿ.ಪಿ. ಊರ ಬಾಣಂತಿಯರಿಗೆಲ್ಲ ಬುದ್ಧಿ ಹೇಳುವ ನರ್ಸಮ್ಮನಿಗೆ ಇಷ್ಟು ಹೊಳೆಯಲಿಲ್ಲ ನೋಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಲೋಟ ಅಲ್ಲೇ ಇಟ್ಟು ಓಡಿ, ಹೊರಟಿದ್ದ ಹಡಗಲಿ ಬಸ್ಸಿಗೆ ಕೈಯಡ್ಡ ಹಾಕಿ ಹತ್ತಿದಳು. ಹಗರಿಬೊಮ್ಮನಹಳ್ಳಿಯಲ್ಲಿ ಡ್ರೈವರು ಊಟಕ್ಕಿಳಿದರೆ ಇವಳು ಅವನ ಎಲೆಯ ಮುಂದೆಯೇ ಹೋಗಿ ನಿಂತಳು.

“ಲಗೂನ ಉಣ್ಣಣ್ಣ, ನಮ್ಮವ್ವನ ಜೀವದ ಪ್ರಶ್ನಿ ಐತಿ.”

“ಏನಾಗೇತವ್ವ ಅವರಿಗೆ?”

“ಇನ್ನೂ ಏನೂ ಆಗಿಲ್ಲಣ್ಣ. ನನ್ನಿಂದ ಆಗತೈತಿ.”

ತಲೆಬುಡ ತಿಳಿಯದಿದ್ದರೂ ಆ ಪುಣ್ಯಾತ್ಮ ಮಜ್ಜಿಗೆ ಅನ್ನ ಬಿಟ್ಟು ಎದ್ದ. ಹಡಗಲಿಯ ಅಂಚೆ ಕಚೇರಿಯಲ್ಲಿ ವಿಚಾರಿಸಿದರೆ ಹೊಳಲಿನ ತಂತಿ ಆಗಲೇ ಹೋಗಿಯಾಗಿತ್ತು.

ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊಳಲಿನಲ್ಲಿ ಇಳಿದವಳೇ ನೆರಿಗೆ ಎತ್ತಿ ಹಿಡಿದು ಓಡಿದಳು. ಮನೆಯ ಮುಂದೆ ಜನ. ನೆರೆಮನೆಯ ಪಕ್ಕೀರಮ್ಮನ ಅಳು ಓಣಿಯ ತುದಿಗೇ ಕೇಳುತ್ತಿತ್ತು. ಎರ್ರೆಮ್ಮನನ್ನು ಕಂಡ ಜನ ದೆವ್ವ ಕಂಡವರಂತೆ ಸರಿದು ದಾರಿ ಬಿಟ್ಟರು.

ಒಳಗೆ ಗಿಡ್ಡಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಬಂದ್ಯೇನವ್ವ? ಕೈಕಾಲು ತೊಳಕೋ, ಉಣ್ಣುವಿಯಂತೆ.”

“ಅವ್ವಾ, ತಂತಿ ಬರಲಿಲ್ಲೇನು?”

“ಬಂತು. ಇವರು ಆವಾಗಿಂದ ಅಳಾಕ ಹತ್ಯಾರ, ನಾ ಹೇಳಿದ್ರ ಕೇಳವಲ್ರು. ಪೋಸ್ಟಿನ ಮೈಲಪ್ಪಗ ನಾ ಅಂದೆ, ಕೊನಿಗೆ ಯಾರ ಹೆಸರೈತಿ ಅಷ್ಟಾ ಓದಪ್ಪ ಅಂತ. ಎರ್ರೆಮ್ಮ ಅಂದ. ನನ್ನ ಮಗಳು ತಾನಾ ತಂತಿ ಕೊಟ್ಟಾಳ ಅಂದ್ರ ಜೀವಂತ ಅದಾಳ. ನನಗ ಇನ್ನೇನು ಬೇಕು?”

“ಉಳಿದದ್ದು ಓದಸಲಿಲ್ಲ?”

“ಯಾಕ ಓದಸಲಿ? ನನಗೇನರ ಆದೀತಂತ ಅಂಜಿ ನೀನಾ ಓಡಿ ಬರ್ತಿ ಅಂತ ಗೊತ್ತಿತ್ತು. ನಿನ್ನ ಬಾಯಿಲೆ ಕೇಳೋಣ ಅಂತ ಬಿಟ್ಟೆ. ಏನದು, ಹೇಳು.”

ಎರ್ರೆಮ್ಮ ಏದುಸಿರಿನಲ್ಲೇ ಹೇಳಿದಳು. ಗಿಡ್ಡಮ್ಮನ ಕೈ ಹಿಟ್ಟಿನ ಮೇಲೆ ನಿಂತುಹೋಯಿತು. ಆಮೇಲೆ ಅವಳೂ ಅತ್ತಳು, ಓಣಿಯವರೆಲ್ಲ ಸೇರಿ ಅತ್ತದ್ದಕ್ಕಿಂತ ಜೋರಾಗಿ.