ಮೂರನೆಯ ಗುಂಡಿ

ನನ್ನ ಗಂಡ ಎಲ್ವಿಯೊ ತೀರಿಕೊಂಡ ಮೇಲೆ ಕಾರ್ಖಾನೆಯಲ್ಲಿ ಅವನ ಮೇಜನ್ನು ನನಗೆ ಕೊಟ್ಟರು. ನಾನು ಕೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಲ್ಲಿ ಕೂತು ಗಿಟಾರ್‌ಗಳ ಒಳಗಿನ ಕರೆಂಟಿನ ತಂತಿ ಬೆಸೆಯುತ್ತಿದ್ದೆ. ಸಂತಾಪ ಹೇಳಲು ಬಂದವರ ಮುಖ ನೋಡಲಾಗದೆ ಅವರ ಕೋಟಿನ ಗುಂಡಿ ನೋಡುತ್ತ ಥ್ಯಾಂಕ್ಸ್ ಹೇಳುತ್ತಿದ್ದೆ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೊರಟವನ ಸ್ಕೂಟರ್ ಒಣ ರಸ್ತೆಯಲ್ಲಿ, ತಿರುವೇ ಇಲ್ಲದ ಕಡೆ, ಓಕ್ ಮರಕ್ಕೆ ಬಡಿದಿತ್ತು. ಅವನ ಗಮನ ಎಲ್ಲೋ ಇತ್ತು ಎಂದು ಕೆಲವರು ಅಂದರು. ನಾನು ಬ್ರೆಡ್ಡಿನ ಅಂಗಡಿಯಿಂದ ಹೊರಗೆ ಬಂದ ಮೇಲೆ ಇನ್ನೂ ಏನೋ ಅಂದುಕೊಂಡರು. ಬೇಕೆಂದೇ ಸತ್ತವರಿಗೆ ಚರ್ಚಿನ ಸಂಸ್ಕಾರವಿಲ್ಲ; ಪಾದ್ರಿಗಳು ಏನೂ ಕೇಳದೆ ಹೂಳಿದರು. ಅವರು ಕೇಳಲಿಲ್ಲ ಎನ್ನುವುದೇ ನನಗೆ ಕೇಳಿಸಿತು. ನಾನು ಎಲ್ಲವನ್ನೂ ಗಮನಿಸುವವಳು, ಹಾಲು ಉಕ್ಕುವ ಮೊದಲೇ ಎದ್ದು ನಿಲ್ಲುವವಳು. ಆ ವಾರ ಅವನಲ್ಲಿ ನನಗೆ ಕಾಣದ್ದು ಏನಾದರೂ ಇತ್ತೇ? ನನಗೆ ಅದೊಂದು ಗೊತ್ತಾಗಬೇಕಿತ್ತು.

ಇಟಲಿಯ ನಮ್ಮೂರು ಕಾಸ್ಟೆಲ್‌ಫಿದಾರ್ದೊದಲ್ಲಿ ಎಲ್ಲರೂ ಅಕಾರ್ಡಿಯನ್ ಮಾಡಿಕೊಂಡು ಬಂದವರೇ. ಹುಡುಗರು ಗಿಟಾರ್ ಕೇಳತೊಡಗಿದ ಮೇಲೆ ಅದೇ ಮಿರುಗುವ ಪ್ಲಾಸ್ಟಿಕ್ಕು, ಅದೇ ಗುಂಡಿಗಳನ್ನು ಗಿಟಾರಿಗೂ ಹಾಕಿದೆವು. ಎಲ್ವಿಯೊ ಕೊನೆಗೆ ಮಾಡಿಟ್ಟಿದ್ದ ಮಾದರಿಯಲ್ಲಿ ಎರಡು ಪಿಕಪ್, ಅಂದರೆ ಗಿಟಾರಿನ ದನಿ ಹಿಡಿದು ಸ್ಪೀಕರಿಗೆ ಕಳಿಸುವ, ತಂತಿ ಸುತ್ತಿದ ಅಯಸ್ಕಾಂತ; ಮೂರು ಗುಂಡಿ. ಮೊದಲನೆಯದನ್ನು ಒತ್ತಿದರೆ ಕತ್ತಿನ ಕಡೆಯ ಪಿಕಪ್ಪಿನ ದುಂಡು ದನಿ. ಎರಡನೆಯದಕ್ಕೆ ಕೆಳಗಿನ ಪಿಕಪ್ಪಿನ ಚೂಪು ದನಿ. ಮೂರನೆಯದಕ್ಕೆ ಎರಡೂ ಒಟ್ಟಿಗೆ. ಅಕಾರ್ಡಿಯನ್ನಿನಲ್ಲಿ ಎಲ್ಲ ದನಿಗಳ ಗುಂಡಿ ಒತ್ತಿದರೆ ಕೋಣೆ ತುಂಬುತ್ತದೆ. ಇಲ್ಲಿ ದನಿ ಸೊರಗಿಹೋಯಿತು.

ಯಜಮಾನ ಕ್ವಿಂತೊ ಕೈಕಟ್ಟಿ ನಿಂತಿದ್ದರು. ಬಾರಿಸಿ ನೋಡಲು ಕರೆಸಿದ್ದ ಸೌರೊ, ಊರಿನ ಕುಣಿತದ ಮೇಳದವನು, ನಕ್ಕುಬಿಟ್ಟ.

"ನೆಗಡಿ ಆಗಿರೋ ಮೇಕೆ ಥರ ಇದೆ ಯಜಮಾನ್ರೇ. ಇದನ್ನ ಬಾರಿಸಿದ್ರೆ ಜನ ಕುಣಿಯಲ್ಲ, ಕರ್ಚೀಫ್ ಕೊಡ್ತಾರೆ."

"ಎಲ್ವಿಯೊ ಒಳ್ಳೆಯವ್ನೇ, ಇಲ್ಲ ಅನ್ನಲ್ಲ," ಅಂದರು ಕ್ವಿಂತೊ. "ಆದ್ರೆ ಒಂದು ಪಿಕಪ್ಪಿನ ತಂತಿ ಉಲ್ಟಾ ಕೊಟ್ಟಿದಾನೆ. ಮೊದಲ್ನೇ ದಿನ ಕೆಲ್ಸಕ್ಕೆ ಬಂದವ್ರೂ ಹಿಂಗ್ ಮಾಡಲ್ಲ. ಮನಸ್ಸು ಸರಿ ಇರ್ಲಿಲ್ವೇನೋ ಪಾಪ. ಸರಿ ಮಾಡ್ಬಿಡಮ್ಮ, ನೀವೆಸ್. ಗುರುವಾರ ಮಾದರಿ ನೋಡೋಕೆ ಜರ್ಮನಿಯವ್ರು ಬರ್ತಾರೆ."

"ಆಯ್ತು ಯಜಮಾನ್ರೇ."

ಪಕ್ಕದಲ್ಲಿ ಪಿಕಪ್ಪಿಗೆ ತಂತಿ ಸುತ್ತುತ್ತಿದ್ದ ದೆರ್ನಾ, ಅವರಿಬ್ಬರೂ ಹೋಗುವ ತನಕ ಕಾದಳು.

"ಆಯ್ತು ಅಂದ್ಬಿಟ್ಯಲ್ಲೇ! ಅವ್ರು ಅಂದಿದ್ದು ನಿನ್ ಗಂಡನ್ನ."

"ತಂತಿ ಉಲ್ಟಾ ಇರೋದು ನಿಜ ಅಲ್ವಾ ದೆರ್ನಕ್ಕ."

"ನಿಜ ಆದ್ರೇನಂತೆ? ನಾನಾಗಿದ್ರೆ ಆ ಗಿಟಾರ್ ತಗೊಂಡು ಅವ್ನ ಬೋಳುತಲೆಗೇ ಕುಟ್ತಿದ್ದೆ."

"ಅದಕ್ಕೇ ನಿಂಗೆ ಮಾದರಿ ಕೊಡಲ್ಲ."

ಹೇಳಿದಂತೆ ತಂತಿ ಅದಲುಬದಲು ಮಾಡಿದೆ. ಮೂರನೆಯ ಗುಂಡಿ ತುಂಬು ದನಿಯಲ್ಲಿ ನುಡಿಯಿತು. ಕೆಲಸ ಮುಗಿಯಿತು ಅನ್ನಬಹುದಿತ್ತು. ಆದರೆ ಕೈ ತೆಗೆದ ಮೇಲೂ ಸ್ಪೀಕರಿನೊಳಗೆ ಗುಂಯ್ ಎನ್ನುತ್ತಲೇ ಇತ್ತು. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಗಿಟಾರೂ ಹೀಗೆಯೇ ಗುಂಯ್‌ಗುಡುತ್ತವೆ, ಯಾರೂ ಕಿವಿಗೊಡುವುದಿಲ್ಲ. ಮೊದಲಿನ ಎರಡು ಗುಂಡಿಗಳಲ್ಲೂ ಇತ್ತು. ಆದರೆ ನಾನು ತಂತಿ ಬದಲಿಸುವ ಮುಂಚೆ ಮೂರನೆಯದರಲ್ಲಿ, ಆ ಸೊರಗಿದ ದನಿಯ ಕೆಳಗೆ, ಇರಲಿಲ್ಲ.

ಮತ್ತೆ ಬೆಸುಗೆ ಬಿಚ್ಚಿ ಅವನಿಟ್ಟಂತೆಯೇ ಉಲ್ಟಾ ಜೋಡಿಸಿ ಕೇಳಿದೆ. ನಿಶ್ಶಬ್ದ. ಒಂದು ಪಿಕಪ್ಪಿನ ಗುಂಯ್‌ಕಾರವನ್ನು ಇನ್ನೊಂದು ಅಳಿಸುತ್ತಿತ್ತು. ಜೊತೆಯಲ್ಲಿ ಅರ್ಧ ಸಂಗೀತವನ್ನೂ ಅಳಿಸುತ್ತಿತ್ತು, ಅಷ್ಟೇ. ಹಾಗಾದರೆ ಇದು ಕೈತಪ್ಪಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದ್ದೇಕೆ? ಇಷ್ಟೇ ಸಾಕು ಎಂದು ಬಿಟ್ಟು ಎದ್ದುಹೋದನೇ?

ಪಿಕಪ್ಪನ್ನು ಕಳಚಿ ಬೆನ್ನು ನೋಡಿದೆ. ಅಯಸ್ಕಾಂತದ ಪಟ್ಟಿಯನ್ನು ನಾವು ಅಂಟು ಹಾಕಿ ಕೂರಿಸುತ್ತೇವೆ. ಇದರಲ್ಲಿ ಅಂಟಿರಲಿಲ್ಲ, ಕಂದು ಮೇಣವಿತ್ತು. ಮೂಸಿದೆ. ಜೇನುಮೇಣ, ರಾಳ.

"ದೆರ್ನಕ್ಕ, ಸ್ವಲ್ಪ ನೋಡು."

ತನ್ನ ಮದುವೆಗೆ ಮುಂಚಿನಿಂದಲೂ ಅಕಾರ್ಡಿಯನ್ನಿನೊಳಗೆ ದನಿ ಹೊರಡಿಸುವ ರೀಡುಗಳಿಗೆ ಮೇಣ ಹುಯ್ದವಳು ದೆರ್ನಾ. ಹೆಬ್ಬೆರಳ ಉಗುರು ಒತ್ತಿ ನೋಡಿದಳು.

"ರೀಡಿನ ಮೇಣ. ಇದನ್ಯಾಕೆ ಇಲ್ಲಿ ಹಾಕ್ದ?"

"ನೀವು ರೀಡಿಗೆ ಯಾಕೆ ಹಾಕ್ತೀರಿ? ಅಂಟು ಯಾಕೆ ಹಾಕಲ್ಲ?"

"ಅಯ್ಯೋ ಪೆದ್ದೀ, ಶ್ರುತಿ ಮಾಡೋಕೆ ಮತ್ತೆ ತೆಗೀಬೇಕಲ್ಲ! ಅಂಟು ಹಾಕಿದ್ರೆ ಮುಗೀತು. ಮೇಣ ಅಂದ್ರೆ—" ದೆರ್ನಾ ಅಲ್ಲಿಗೆ ನಿಲ್ಲಿಸಿದಳು. ಪಿಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. "ಮತ್ತೆ ತೆಗೆಯೋನಿದ್ದ."

"ಸೋಮವಾರ ಬಂದು," ಅಂದೆ.

ದೆರ್ನಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅಳುತ್ತೇನೇನೋ ಎಂದು ಕಾದೆ. ಏನೂ ಬರಲಿಲ್ಲ. ಪಟ್ಟಿಯ ಅಂಚಿಗೆ ಕಾದ ಕಡ್ಡಿ ತಾಗಿಸಿದೆ, ಮೇಣ ಸಲೀಸಾಗಿ ಬಿಟ್ಟುಕೊಂಡಿತು. ಪಟ್ಟಿಯನ್ನು ಮಗುಚಿ ಹಾಕಿದೆ. ಈಗ ಅಯಸ್ಕಾಂತವೂ ಉಲ್ಟಾ, ತಂತಿಯೂ ಉಲ್ಟಾ: ಸಂಗೀತಕ್ಕೆ ಎರಡು ಉಲ್ಟಾ ಸೇರಿ ಸರಿ, ಅಯಸ್ಕಾಂತದ ಹಂಗಿಲ್ಲದ ಗುಂಯ್‌ಕಾರಕ್ಕೆ ಮಾತ್ರ ಒಂದೇ ಉಲ್ಟಾ.

ಕ್ವಿಂತೊ ಬಂದಾಗ ಸೌರೊ ಗಿಟಾರ್ ಹಿಡಿದು ಮೂರನೆಯ ಗುಂಡಿ ಒತ್ತಿಕೊಂಡು ಸುಮ್ಮನೆ ಕೂತಿದ್ದ.

"ಯಾಕೋ, ಸ್ವಿಚ್ ಹಾಕಿಲ್ವಾ?"

"ಹಾಕಿದೀನಿ ಯಜಮಾನ್ರೇ. ಕೇಳಿ." ಬಾರಿಸಿದ. ಕಿಟಕಿಯ ಗಾಜು ಅದುರಿತು. ತಂತಿಗಳ ಮೇಲೆ ಅಂಗೈ ಇಟ್ಟ, ಎಲ್ಲ ನಿಂತಿತು. ಗುಂಯ್ ಎಂಬ ಸೊಲ್ಲೇ ಇರಲಿಲ್ಲ.

ಕ್ವಿಂತೊ ಸ್ಪೀಕರಿಗೆ ಕಿವಿ ಕೊಟ್ಟು ಬಗ್ಗಿದರು. "ಇದನ್ಯಾರಮ್ಮ ನಿಂಗೆ ಹೇಳ್ಕೊಟ್ಟಿದ್ದು?"

"ಎಲ್ವಿಯೊ ಶುರು ಮಾಡಿದ್ದ. ಅರ್ಧ ಉಳಿದಿತ್ತು."

ಅವರು ಟೋಪಿ ತೆಗೆದರು. ನಾನು ಈ ಸಲ ಗುಂಡಿ ನೋಡಲಿಲ್ಲ, ಮುಖವನ್ನೇ ನೋಡಿದೆ. ಅವರೇ ಕಣ್ಣು ತಗ್ಗಿಸಿದರು.

"ಹಾಗಾದ್ರೆ ಅಂಟು ಹಾಕಿ ಗಟ್ಟಿ ಮಾಡ್ಬಿಡು," ಅಂದರು. "ಗುರುವಾರಕ್ಕೆ ಅಲ್ಲಾಡಬಾರ್ದು."

ದೆರ್ನಾ ಅಂಟಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ಅದರ ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟಳು.