ದೊರೆಯ ನೀರು

ಗಂಜಿಮಾವನಿಗೆ ಈ ಲೋಕದಲ್ಲಿ ಆಗಿಬರದ್ದು ಒಂದೇ, ಕೊಳೆ. ಬೀದಿಯ ಮೂಲೆಯಲ್ಲಿ ಅವನ ಲಾಂಡ್ರಿ, ಅದರ ಹಿಂದೆಯೇ ಮನೆ. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಕಾಲರು ಬಗ್ಗಿದ್ದನ್ನು ಯಾರೂ ಕಂಡಿಲ್ಲ, ಅದಕ್ಕೇ ಆ ಹೆಸರು. ಎಂಥ ಕಲೆಯಾದರೂ ಸರಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಬಿಡ್ರೀ, ಇದರ ಅಪ್ಪನ್ನೂ ತೆಗೀತೀನಿ" ಎಂದು ಒಳಗೆ ಎಸೆಯುತ್ತಿದ್ದ. ತೆಗೆದೂ ತೆಗೆಯುತ್ತಿದ್ದ ಬಿಡಿ. ಅಂಥ ಮನುಷ್ಯನನ್ನು ಒಂದು ಆಮೆಯ ತೊಟ್ಟಿ ಮಂಡಿಯೂರಿಸಿತು ಅಂದರೆ ನಿಮಗೆ ನಗು ಬರಬಹುದು. ಮೊದಮೊದಲು ಬೀದಿಯವರೂ ನಕ್ಕರು.

ಆಮೆ ಅವನದಲ್ಲ, ಹೆಂಡತಿಯದು. ಅಂಗೈಯಗಲದ ಪ್ರಾಣಿ, ಹೆಸರು ಮಾತ್ರ ದೊರೆ. ವರ್ಷಗಟ್ಟಲೆ ಅವಳೇ ಅದನ್ನು ನೋಡಿಕೊಂಡಳು. ಅದಕ್ಕೆ ಯಾವ ಹೊತ್ತಿಗೆ ಏನು ಹಾಕಬೇಕು, ನೀರು ಯಾವಾಗ ಬದಲಿಸಬೇಕು, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರಿನ ಹೊಟ್ಟೆಯಲ್ಲಿ ಏನಿದೆ, ಒಂದನ್ನೂ ಈ ಪುಣ್ಯಾತ್ಮ ಕೇಳಿದವನಲ್ಲ. "ನಿನ್ನ ದೊರೆಯ ಊಟ ಆಯ್ತಾ? ಆಗಿದ್ರೆ ಈ ಬಡಪಾಯಿ ಕಡೇನೂ ಸ್ವಲ್ಪ ನೋಡು" ಎಂದು ರೇಗಿಸುವುದಷ್ಟೇ ಅವನ ಪಾಲಿನ ಕೆಲಸವಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಪೂರ್ತಿ ಹೋಗಿದ್ದರೆ ಅದೊಂದು ಲೆಕ್ಕ. ಹಾಳಾದ್ದು, ಒಂದೇ ಒಂದು ಶಬ್ದ ಉಳಿಯಿತು. "ಬೇಡ." ದಿಂಬು ಸರಿಮಾಡಲಾ ಅಂದರೆ ಬೇಡ, ಕಿಟಕಿ ತೆಗೆಯಲಾ ಅಂದರೂ ಬೇಡ, ಮುಚ್ಚಲಾ ಅಂದರೂ ಬೇಡ. ತಲೆಯಾಡಿಸುವುದೂ ಹಾಗೇ, ಒಮ್ಮೆ ಹೌದಿಗೆ ಅಡ್ಡಡ್ಡ, ಇನ್ನೊಮ್ಮೆ ಇಲ್ಲಕ್ಕೆ ಉದ್ದುದ್ದ, ನಂಬುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಅವನನ್ನು ಪಕ್ಕಕ್ಕೆ ಕರೆದು, "ನಾವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಹೇಳೋಕೆ ಹೊರಟಿದ್ದು ಏನೇ ಇರಲಿ, ಬಾಯಿಗೆ ಬರೋದು ಅದೊಂದೇ. ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದರು. ಗಂಜಿಮಾವ ಹಚ್ಚಿಕೊಳ್ಳಲಿಲ್ಲ. ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ನಿಂತು, "ಅವಳು ಬೇಡ ಅಂದ್ರೆ ಬೇಡ ಅಂತಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಒಳಗೆ ಬಿಡುತ್ತಿದ್ದ.

ಮನೆಗೆ ಕರೆತಂದ ಮೇಲೆ ತೊಟ್ಟಿಯನ್ನು ಅವಳ ಮಂಚದ ಪಕ್ಕಕ್ಕೇ ಎಳೆದುತಂದಿಟ್ಟ. ಅವಳು ದಿನವಿಡೀ ದೊರೆಯನ್ನೇ ನೋಡುತ್ತಿದ್ದಳು. ಅದು ಕಲ್ಲು ಹತ್ತಿ ಕತ್ತು ಚಾಚಿದರೆ ಅವಳ ಎಡಗೈ ಮೆಲ್ಲಗೆ ಗಾಜಿನವರೆಗೆ ಹೋಗುತ್ತಿತ್ತು. ಅದನ್ನು ಕಂಡ ದಿನ ಗಂಜಿಮಾವ ಅಂಗಡಿಯ ಬಟ್ಟೆಗಂಟುಗಳ ಹಿಂದೆ ಕೂತು ಅತ್ತ. ಖುಷಿಗೇ ಅತ್ತ.

ಅವಳ ತಂಗಿ ಅರ್ಧ ದಿನದ ಹಾದಿಯ ಊರಲ್ಲಿ ನರ್ಸು. ಅಕ್ಕ ತನ್ನ ಮನೆಯಲ್ಲೇ ಇರಬೇಕೆಂದು ಅವಳು ಮೊದಲ ದಿನವೇ ತೀರ್ಮಾನಿಸಿದ್ದಳು. "ಭಾವ, ನೀವು ಅಂಗಡಿ ನೋಡ್ತೀರೋ, ಅವಳನ್ನ ನೋಡ್ತೀರೋ?" ಎಂದು ಕೇಳಿದಳು. ಇವನು ಕೈಮುಗಿದು ಒಂದು ತಿಂಗಳ ಗಡುವು ಬೇಡಿದ. ಅವಳು ತೊಟ್ಟಿಯ ಕಡೆ ಮೂಗು ಸಿಂಡರಿಸಿ, "ಸರಿ. ಆದ್ರೆ ಇದು ವಾಸನೆ ಹೊಡೀತಿದೆ. ಹಾಸಿಗೆ ಹಿಡಿದವಳ ಮೂಗಿನ ಹತ್ರ ಗಲೀಜು ನೀರಾ? ಇಷ್ಟು ನೀರು ಚೊಕ್ಕಟ ಇಡೋಕಾಗದೋರು ಅವಳನ್ನೇನು ನೋಡ್ಕೊಳ್ತೀರಿ? ಮುಂದಿನ ತಿಂಗಳೂ ಹೀಗೇ ಇದ್ರೆ ಮಾತಿಲ್ಲ ಕತೆಯಿಲ್ಲ, ಕರ್ಕೊಂಡು ಹೋಗ್ತೀನಿ" ಎಂದಳು.

ಈ ಮಾತನ್ನು ಯಾರಿಗೆ ಹೇಳಿದಳು ನೋಡಿ! ಲಾಂಡ್ರಿಯವನಿಗೆ! ಅವಳು ಬೀದಿ ದಾಟುವ ಮೊದಲೇ ಗಂಜಿಮಾವ ತೋಳು ಮಡಚಿ ಫಿಲ್ಟರು ಬಿಚ್ಚಿದ. ಒಳಗೆ ಒಂದು ಸ್ಪಂಜು. ಕಂದು ಬಣ್ಣ, ಮುಟ್ಟಿದರೆ ಲೋಳೆ. ಎರಡೇ ಬೆರಳಲ್ಲಿ ಎತ್ತಿ ದೂರ ಹಿಡಿದ.

"ಅಯ್ಯಯ್ಯೋ, ಇದರಲ್ಲಾ ನೀರು ಸೋಸ್ತಿದ್ದೆ? ಲಾಂಡ್ರಿಯವನ ಹೆಂಡ್ತಿ ಅಂತ ಹೊರಗೆಲ್ಲೂ ಹೇಳ್ಬೇಡ ತಾಯಿ!"

"ಬೇಡ" ಎಂದಳು ಅವಳು.

"ಆಯ್ತಾಯ್ತು, ನಾನೂ ಯಾರಿಗೂ ಹೇಳಲ್ಲ."

ಸ್ಪಂಜನ್ನು ಕುದಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿ, ಎರಡು ಹನಿ ಬ್ಲೀಚು ಬಿಟ್ಟು, ಉಜ್ಜಿ, ಹಿಂಡಿ, ಜಾಲಿಸಿ ತಂದ. ಕಲ್ಲುಗಳನ್ನೂ ತಿಕ್ಕಿದ, ಹಳೆಯ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬಿದ. ಅವನು ಕೆಲಸ ಮಾಡುವಷ್ಟು ಹೊತ್ತೂ ಅವಳು "ಬೇಡ, ಬೇಡ" ಅನ್ನುತ್ತಲೇ ಇದ್ದಳು. ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಅಂದುಕೊಂಡ ಇವನು. ತೊಟ್ಟಿ ಫಳಫಳ ಹೊಳೆಯುತ್ತಿತ್ತು, ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಆ ಹೊಳಪು ಎರಡೇ ದಿನ. ಆಮೇಲೆ ನೀರಿಗೆ ಯಾರೋ ಹಾಲು ಸುರಿದ ಹಾಗೆ ಮಬ್ಬು ಕವಿಯಿತು, ವಾಸನೆ ಮೊದಲಿಗಿಂತ ಜೋರಾಯಿತು. ಗಂಜಿಮಾವ ಮತ್ತೆ ತೊಳೆದ. ಮತ್ತೆ ಮಬ್ಬು. ಕಡೆಗೆ ದಿನಾ ತೊಳೆಯಲು ಶುರುಮಾಡಿದ. ಅಂಗಡಿಯಲ್ಲಿ ಗಿರಾಕಿಗಳ ಅಂಗಿಗಳು ಗಂಟಿನಲ್ಲೇ ಉಳಿದವು. "ಏನ್ ಮಾವ, ದೊರೆಗಳ ಸ್ನಾನ ಆಗೋವರೆಗೂ ನಮ್ಮ ಪ್ಯಾಂಟು ಸಿಗಲ್ವಾ?" ಎಂದು ಜನ ಆಡಿಕೊಂಡರು. ಸಿಗಲಿಲ್ಲ.

ಅಷ್ಟರಲ್ಲಿ ದೊರೆಯ ಕಣ್ಣು ಊದಿ ಮುಚ್ಚಿಹೋದವು. ಹಾಕಿದ್ದನ್ನು ಮೂಸದೆ ಕಲ್ಲಿನ ಮೇಲೆ ಬಿದ್ದಿರುತ್ತಿತ್ತು. ಅವಳ ಕೈಯೂ ಗಾಜಿನ ಕಡೆ ಹೋಗುವುದು ನಿಂತಿತು. ಗಂಜಿಮಾವ ಫಿಲ್ಟರಿನ ಪ್ಲಗ್ಗಿಗೆ ಕೈಹಾಕಿದರೆ ಸಾಕು, ಎಡಗೈಯಿಂದ ಹಾಸಿಗೆ ಬಡಿದು "ಬೇಡ! ಬೇಡ!" ಎಂದು ಕಿರುಚುತ್ತಿದ್ದಳು.

"ಗೊತ್ತು ಕಣೇ, ಗೊತ್ತು. ಕೊಳೆ ಕಂಡ್ರೆ ನಂಗೂ ಹೀಗೇ ಆಗೋದು" ಎಂದು ಸಮಾಧಾನ ಮಾಡಿ ಅವನು ಬಕೆಟ್ಟು ಎತ್ತಿಕೊಳ್ಳುತ್ತಿದ್ದ.

ನಾಳೆ ತಂಗಿ ಬರುತ್ತಾಳೆ ಅನ್ನುವಾಗ ಅವನು ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೆಂಡತಿ ದೊರೆಗೆ ಬೇಕಾದ್ದನ್ನೆಲ್ಲ ತರುತ್ತಿದ್ದ ಮೀನಿನ ತೊಟ್ಟಿಯ ಅಂಗಡಿಗೆ ಓಡಿದ. ಅಂಗಡಿಯವನು ಬಾಟಲಿ ನೋಡಿ, "ಸ್ಪಂಜು ತೊಳೆದ್ರಾ?" ಎಂದ.

"ದಿನಾ ತೊಳೀತೀನಪ್ಪ. ಕುದಿನೀರು, ಸೋಪು, ಬ್ಲೀಚು, ಒಂದಕ್ಕೂ ಕಮ್ಮಿ ಮಾಡಿಲ್ಲ."

ಅಂಗಡಿಯವನು ಹಣೆ ಚಚ್ಚಿಕೊಂಡ. "ಆ ಲೋಳೆ ಕೊಳೆ ಅಲ್ಲ ಮಾವ. ಕಣ್ಣಿಗೆ ಕಾಣದ ಜೀವ ಅದರಲ್ಲಿ ಮನೆ ಮಾಡ್ಕೊಂಡಿರುತ್ತೆ, ಆಮೆ ಮಾಡಿದ ಗಲೀಜನ್ನೆಲ್ಲ ತಿಂದು ಅರಗಿಸೋದು ಅದೇ. ನೀವು ತೊಳೆದಾಗೆಲ್ಲ ಅದನ್ನ ಕೊಂದಿದ್ದೀರಿ. ತೊಟ್ಟಿ ನೀರಲ್ಲೇ ಒಂದ್ಸಲ ಹಿಂಡಿ ವಾಪಸ್ ಹಾಕ್ಬೇಕು, ಅಷ್ಟೇ. ನಿಮ್ಮನೆ ಅತ್ತೆ ಅದನ್ನ ನಲ್ಲಿ ನೀರಿಗೂ ಹಿಡೀತಿರಲಿಲ್ಲ. ಅವರು ನಿಮಗೆ ಬೇಡ ಅನ್ನಲಿಲ್ವಾ?"

ಗಂಜಿಮಾವನಿಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. "ಅಂದಳು" ಎಂದ.

"ಮತ್ತೆ?"

ಗಂಜಿಮಾವ ಬಾಟಲಿಯನ್ನು ವಾಪಸ್ ಎಳೆದುಕೊಂಡು, "ಈಗೇನು ಮಾಡ್ಲಿ ಹೇಳು" ಎಂದ.

"ಕಣ್ಣನ್ನ ಪ್ರಾಣಿಗಳ ಡಾಕ್ಟರಿಗೆ ತೋರ್ಸಿ. ದಿನಾ ಸ್ವಲ್ಪ ನೀರು ತೆಗೆದು ಸ್ವಲ್ಪ ಹಾಕಿ. ಸ್ಪಂಜು ಮಾತ್ರ ಮುಟ್ಟಬೇಡಿ. ತಾನಾಗೇ ತಿಳಿಯಾಗೋಕೆ ವಾರಗಟ್ಟಲೆ ಹಿಡಿಯುತ್ತೆ."

"ನಾಳೆ ಅವಳ ತಂಗಿ ಬರ್ತಾಳಲ್ಲೋ."

"ನಾಳೆಗೆ ಆಗಲ್ಲ ಮಾವ."

ಮನೆಗೆ ಬಂದು ಹೆಂಡತಿಯ ಕಾಲ ಬಳಿ ಕೂತ. "ಸ್ಪಂಜು ತೊಳೀಬೇಡ ಅಂತಲೇ ಅಂದಿದ್ದಾ ನೀನು?" ಅವಳು ಅವನನ್ನೇ ದಿಟ್ಟಿಸಿ "ಬೇಡ" ಎಂದಳು. ಅವನಿಗೆ ಹಿಂದಿನ ಒಂದೊಂದು ಬೇಡವೂ ಕಿವಿಯಲ್ಲಿ ಕೂಗಿತು. ಬಾಚಲು ಕಷ್ಟವೆಂದು ಅವಳ ಉದ್ದನೆಯ ಕೂದಲನ್ನು ತಾನೇ ಕತ್ತರಿಸಿದ್ದ. ಆಗಲೂ ಬೇಡ ಅಂದಿದ್ದಳು. ಅದು ನಿಜದ ಬೇಡವೋ ಬರೀ ಬಾಯಿಗೆ ಬಂದದ್ದೋ? ಯಾರನ್ನು ಹೋಗಿ ಕೇಳಬೇಕು? ಅವನಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಮರುದಿನ ತಂಗಿ ಬಂದಳು. ಕೆಟ್ಟವಳಲ್ಲ ಅವಳು, ಕೂಗಾಡಲಿಲ್ಲ. ಮಬ್ಬು ನೀರನ್ನೂ ಕಣ್ಣು ಮುಚ್ಚಿದ ಆಮೆಯನ್ನೂ ನೋಡಿ, "ನೀವೇ ಹೇಳಿ ಭಾವ" ಎಂದಳು.

"ತೊಳೆದೂ ತೊಳೆದೂ ಹೀಗಾಯ್ತಮ್ಮ" ಎಂದ. ಆ ಮಾತು ಅವನ ಕಿವಿಗೇ ಹುಚ್ಚುಹುಚ್ಚಾಗಿ ಕೇಳಿಸಿತು. ಅವಳು ಅಯ್ಯೋ ಪಾಪ ಎನ್ನುವ ಹಾಗೆ ನೋಡಿ, ಅಕ್ಕನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

"ಅಕ್ಕಾ, ನಮ್ಮನೆಗೆ ಹೋಗೋಣ್ವಾ?"

"ಬೇಡ."

"ಕೇಳಿಸ್ತಾ?" ಎಂದು ಗಂಜಿಮಾವ ಎದ್ದು ನಿಂತ. "ಬೇಡ ಅಂತಿದ್ದಾಳೆ!"

"ಭಾವ, ಅವಳು ಎಲ್ಲದಕ್ಕೂ ಹಾಗೇ ಅಂತಾಳೆ ಅಂತ ನನಗೆ ಹೇಳಿದ್ದೇ ನೀವು."

"ಇದು ಹಾಗಲ್ಲ. ಇದು ನಿಜ."

"ನಿಮಗೆ ಹೇಗೆ ಗೊತ್ತು?"

ಗಂಜಿಮಾವ ಮಂಚದ ಪಕ್ಕ ಮಂಡಿಯೂರಿ ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ಇಲ್ಲೇ ಇರ್ತೀಯಾ? ನನ್ನ ಹತ್ರ?"

ಅವಳ ಕತ್ತಿನ ನರ ಉಬ್ಬಿ ಬಂತು. ಬೇರೆಯದೊಂದು ಶಬ್ದಕ್ಕಾಗಿ ಜೀವವನ್ನೆಲ್ಲ ಬಾಯಿಗೆ ತಂದುಕೊಂಡ ಹಾಗಿತ್ತು.

"ಬೇಡ" ಎಂದಳು.

ತಂಗಿ ಮುಖ ಆಚೆ ತಿರುಗಿಸಿದಳು. ಗಂಜಿಮಾವ ಮತ್ತೆ ವಾದ ಮಾಡಲಿಲ್ಲ. ಒಂದು ಸ್ಪಂಜಿನ ವಿಷಯ ತಿಳಿಯದವನು ಇನ್ನು ಯಾವ ಮುಖ ಇಟ್ಟುಕೊಂಡು ಜಗಳವಾಡಬೇಕು? ಬೇರೆ ಯಾರೂ ಮುಟ್ಟುವುದು ಬೇಡವೆಂದು ತಾನೇ ಹೆಂಡತಿಯನ್ನು ಎತ್ತಿಕೊಂಡ. ಅವಳು ಎಡಗೈಯಿಂದ ಅವನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದಳು. ಅಂಗಡಿ ದಾಟಿ ತಂಗಿ ತಂದ ಕಾರಿನವರೆಗೂ ಅವನ ಕಿವಿಯಲ್ಲಿ ಅದೊಂದೇ ಶಬ್ದವನ್ನು ಮೆಲ್ಲಗೆ, ಬಿಡದೆ ಹೇಳುತ್ತಲೇ ಇದ್ದಳು. ಸೀಟಿನಲ್ಲಿ ಕೂರಿಸಿದ ಮೇಲೂ ಮುಷ್ಟಿ ಸಡಿಲವಾಗಲಿಲ್ಲ.

"ಬಿಡು ಅಕ್ಕಾ, ಅಂಗಿ ಹರಿಯುತ್ತೆ" ಎಂದು ತಂಗಿ ಪಕ್ಕದಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಕೊನೆಯ ಬೆರಳು ಬಿಡುವವರೆಗೂ ಗಂಜಿಮಾವ ಕಾರಿನೊಳಗೆ ಬಗ್ಗಿಕೊಂಡೇ ನಿಂತಿದ್ದ.